ಹದಿಹರೆಯದಿಂದ ನಡುವಯಸ್ಸಿನಾಚೆಗೆ: ಬೆಳವಣಿಗೆ ಮತ್ತು ಹೆಣ್ಣು-ಗಂಡಿನ ಪಾತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಮಕ್ಕಳಿಗೆ ಆಪ್ತಸಮಾಲೋಚಕಿ. ಮಕ್ಕಳ ವಿಷಯ ಮಾತನಾಡಲು ಬರುವ ಅಪ್ಪ-ಅಮ್ಮಂದಿರು ಸ್ವಲ್ಪ ಹೊತ್ತಿಗೆಲ್ಲ ತಮ್ಮ ವಿಷಯಕ್ಕೆ ಬಂದುಬಿಡುತ್ತಾರೆ. ಹಾಗಾಗಿ ಇಲ್ಲಿ ಹತ್ತು ವರ್ಷದ ಹುಡುಗಿಯ ಪ್ರಶ್ನೆಯೂ ಇದೆ, ಅರವತ್ತು ದಾಟಿದವರ ಪ್ರಶ್ನೆಯೂ ಇದೆ. ಎಲ್ಲ ಉತ್ತರಗಳ ಹಿಂದೆಯೂ ನನ್ನದೊಂದು ನಂಬಿಕೆ ಇದೆ: ಮಕ್ಕಳಿಗೆ ತಾವು ಯಾರೆಂದು ಹುಡುಕಿಕೊಳ್ಳಲು ಅತಿ ಹೆಚ್ಚು ಅವಕಾಶ ಬೇಕಾದ ವಯಸ್ಸಿನಲ್ಲೇ ನಾವು ಅವರ ಕೈಗೆ ಸಿದ್ಧ ಪಾತ್ರವೊಂದನ್ನು ಕೊಟ್ಟು ಕೂರಿಸುತ್ತೇವೆ. ಹೆಣ್ಣಿಗೂ ಗಂಡಿಗೂ ಇದರಿಂದ ನಷ್ಟವಾಗುತ್ತದೆ, ಆದರೆ ಸಮನಾಗಿ ಅಲ್ಲ.

ಹದಿಹರೆಯ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷ. ದೇಹ ಈ ಲೆಕ್ಕವನ್ನು ಅಷ್ಟಾಗಿ ಪಾಲಿಸುವುದಿಲ್ಲ. ಹುಡುಗಿಯರಲ್ಲಿ 8ರಿಂದ 13ರ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ ಬದಲಾವಣೆ ಶುರುವಾದರೆ ಸಹಜ. ಅದಕ್ಕಿಂತ ಬೇಗ ಶುರುವಾದರೂ, ಆ ವಯಸ್ಸು ದಾಟಿದರೂ ಶುರುವಾಗದಿದ್ದರೂ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಮೆದುಳಿನ ಬೆಳವಣಿಗೆಯಂತೂ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ. ಮತದಾನದ ವಯಸ್ಸಿಗೂ ಮನಸ್ಸು ಮಾಗುವ ವಯಸ್ಸಿಗೂ ಅಂತರ ಇರುವುದು ಹೀಗೆ.

ಮಗಳು ಹತ್ತು ವರ್ಷಕ್ಕೇ ದೊಡ್ಡವಳಾದಳು. ಅತ್ತೆ ಆರತಿ ಮಾಡಲೇಬೇಕು ಎನ್ನುತ್ತಾರೆ. ಏನು ಮಾಡಲಿ?

ಮೊದಲನೆಯದಾಗಿ, ಹತ್ತು ವರ್ಷಕ್ಕೆ ಮುಟ್ಟಾಗುವುದು ಸ್ವಲ್ಪ ಬೇಗವಾದರೂ ಕಾಯಿಲೆಯಲ್ಲ. ಹೆಚ್ಚಿನ ಹುಡುಗಿಯರು ಹನ್ನೆರಡು-ಹದಿಮೂರರ ಸುಮಾರಿಗೆ ಮೈನೆರೆಯುತ್ತಾರೆ. ಎದೆ ಮೂಡಿ ಸಾಮಾನ್ಯವಾಗಿ ಎರಡು ವರ್ಷದ ನಂತರ. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದೂ ಸಹಜ.

ಆರತಿಯ ಪ್ರಶ್ನೆಗೆ ನಾನು ಒಂದೇ ಉತ್ತರ ಕೊಡುವುದಿಲ್ಲ. ಹಸೆಯ ಮೇಲೆ ಕೂರಿಸಿ, ಎಳ್ಳು-ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿ, ನೆರೆಹೊರೆಯ ಹೆಂಗಸರು ಹಾಡುವುದರಲ್ಲಿ ಅಕ್ಕರೆಯಿದೆ. ಎಳ್ಳು-ಬೆಲ್ಲದಲ್ಲಿ ಕಬ್ಬಿಣದ ಅಂಶವೂ ಇದೆ. ಆದರೆ ಮಗುವನ್ನು ಕೇಳಿ. ‘ಬೇಡಮ್ಮ, ಊರಿಗೆಲ್ಲ ಗೊತ್ತಾಗುತ್ತದೆ’ ಎಂದು ಅವಳು ಅಂದರೆ ಅಲ್ಲಿಗೆ ಬಿಡಿ. ತನ್ನ ದೇಹದ ಸುದ್ದಿ ಯಾರಿಗೆ ತಿಳಿಯಬೇಕು ಎಂದು ಅವಳು ಹೇಳಿದ ಮೊದಲ ಮಾತು ಅದು. ಅದಕ್ಕೆ ಬೆಲೆ ಸಿಗದಿದ್ದರೆ ಮುಂದೆ ಬೇರೆ ವಿಷಯಕ್ಕೆ ಅವಳು ನಿಮ್ಮ ಬಳಿ ಬರುವುದಿಲ್ಲ.

ಹೊರಗೆ ಕೂರಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ, ಮೂಲೆಯ ಚಾಪೆಯೇ ಇರಲಿ, ಊರಾಚೆಯ ಗುಡಿಸಲೇ ಇರಲಿ. ಚಿತ್ರದುರ್ಗ, ತುಮಕೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ಪದ್ಧತಿಗೆ ಪರಿಹಾರವೆಂದು ಸರ್ಕಾರ ‘ಕೃಷ್ಣ ಕುಟೀರ’ ಎಂಬ ಕಟ್ಟಡಗಳನ್ನು ಕಟ್ಟಿಸಿತು. ಮಳೆ, ಹಾವಿನ ಭಯದಿಂದ ಹೆಂಗಸರಿಗೆ ರಕ್ಷಣೆ ಸಿಕ್ಕಿತು, ನಿಜ. ಹೊರಗಿಡುವ ಪದ್ಧತಿಗೂ ಸರ್ಕಾರಿ ಸೂರು ಸಿಕ್ಕಂತಾಯಿತು.

ಆರತಿಗಿಂತ ತುರ್ತಾದದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಮುಟ್ಟಿನ ರಕ್ತಸ್ರಾವ ಒಂದು ಕಾರಣ. ಮನೆಯಲ್ಲಿ ಕೊನೆಗೆ ಉಳಿದದ್ದನ್ನು ಹೆಣ್ಣುಮಕ್ಕಳು ಉಣ್ಣುವುದು ಇನ್ನೊಂದು ಕಾರಣ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗುತ್ತಿದ್ದಾಳೋ, ಕಿಟಕಿಯಿಂದಾಚೆ ಎಸೆಯುತ್ತಿದ್ದಾಳೋ ವಿಚಾರಿಸಿ.

ಮಗನಿಗೂ ಏನಾದರೂ ಹೇಳಬೇಕೇ?

ಖಂಡಿತ ಹೇಳಬೇಕು. ದನಿ ಒಡೆಯುವುದು, ಮೀಸೆ ಚಿಗುರುವುದು ಎಲ್ಲರ ಕಣ್ಣಿಗೂ ಬೀಳುತ್ತವೆ, ಮಾವಂದಿರು ಕೀಟಲೆ ಮಾಡುತ್ತಾರೆ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋದ ಹುಡುಗನಿಗೆ ಮಾತ್ರ ಯಾರೂ ಏನೂ ಹೇಳಿರುವುದಿಲ್ಲ. ತನಗೆ ಕಾಯಿಲೆ ಬಂದಿದೆ, ಶಕ್ತಿಯೆಲ್ಲ ಸೋರಿಹೋಗುತ್ತಿದೆ ಎಂದು ಹೆದರಿ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಗುಪ್ತರೋಗದ ಜಾಹೀರಾತಿನ ನಂಬರಿಗೆ ಫೋನು ಮಾಡುವ ಹುಡುಗರಿದ್ದಾರೆ. ‘ಇದು ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು’ ಎಂದು ಅಪ್ಪ ಒಂದು ಮಾತು ಹೇಳಿದರೆ ಸಾಕು. ಮುಟ್ಟು ಎಂದರೇನು ಎಂಬುದನ್ನೂ ಮಗನಿಗೆ ಹೇಳಿ. ಅಂಗಡಿಯಿಂದ ಅಕ್ಕನಿಗೆ ಪ್ಯಾಡ್ ತಂದುಕೊಡುವ ಹುಡುಗ ತರಗತಿಯಲ್ಲಿ ಹುಡುಗಿಯರ ಬಟ್ಟೆಯ ಕಲೆ ನೋಡಿ ನಗುವುದಿಲ್ಲ.

ಹದಿನೈದರ ಮಗ ಮಾತೆತ್ತಿದರೆ ಸಿಡುಕುತ್ತಾನೆ, ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಏಳುವುದಿಲ್ಲ. ಹಾಳಾಗುತ್ತಿದ್ದಾನೆಯೇ?

ಮೆದುಳಿನಲ್ಲಿ ಭಾವನೆ, ಉತ್ಸಾಹ, ಗೆಳೆಯರ ಮೆಚ್ಚುಗೆಗೆ ಸ್ಪಂದಿಸುವ ಭಾಗಗಳು ಮೊದಲು ಚುರುಕಾಗುತ್ತವೆ. ಯೋಚಿಸುವ, ತಡೆಯುವ, ಮುಂದಿನದನ್ನು ಅಂದಾಜಿಸುವ ಮುಂಭಾಗ ನಿಧಾನವಾಗಿ ಬಲಿಯುತ್ತದೆ. ಒಬ್ಬನೇ ಇದ್ದಾಗ ಜಾಣನಂತೆ ನಡೆದುಕೊಳ್ಳುವ ಹುಡುಗ, ಬೈಕಿನ ಹಿಂದೆ ಗೆಳೆಯ ಕೂತ ಕೂಡಲೇ ವೇಗ ಹೆಚ್ಚಿಸುವುದು ಇದರಿಂದ. ನಿದ್ದೆಯೂ ಹಾಗೆಯೇ: ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಅವರಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆಯ ನಿದ್ದೆ. ಬೆಳಗಿನ ಐದೂವರೆಯ ಟ್ಯೂಷನ್ನಿಗೆ ಕಳುಹಿಸಿ ‘ಸೋಮಾರಿ’ ಎಂದು ಬೈದು ಪ್ರಯೋಜನವಿಲ್ಲ.

ಸಿಡುಕಿನಲ್ಲೂ ಒಂದು ಸೂಕ್ಷ್ಮವಿದೆ. ಹುಡುಗರಿಗೆ ನಾವು ಅನುಮತಿಸುವ ಒಂದೇ ಭಾವನೆ ಸಿಟ್ಟು. ‘ಹೆಣ್ಣಿನ ಹಾಗೆ ಅಳಬೇಡ’ ಎಂದು ಐದನೇ ವಯಸ್ಸಿನಿಂದ ಕೇಳಿದವನಿಗೆ ದುಃಖ, ಅವಮಾನ, ಭಯ ಎಲ್ಲವೂ ಸಿಟ್ಟಿನ ರೂಪದಲ್ಲೇ ಹೊರಬರುತ್ತವೆ. ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಹತ್ತು ಜನರಲ್ಲಿ ಸುಮಾರು ಏಳು ಜನ ಗಂಡಸರು. ಅವರಲ್ಲಿ ಎಷ್ಟೋ ಮಂದಿ ಯಾರ ಬಳಿಯೂ ಬಾಯಿಬಿಟ್ಟಿರುವುದಿಲ್ಲ ಎಂಬುದು ಈ ಕೆಲಸದಲ್ಲಿರುವ ನಮಗೆಲ್ಲ ಗೊತ್ತು.

ಹುಡುಗ-ಹುಡುಗಿಯರ ಸ್ವಭಾವ ಹುಟ್ಟಿನಿಂದಲೇ ಬೇರೆಯಲ್ಲವೇ?

ಸರಾಸರಿಯಲ್ಲಿ ಕೆಲವು ವ್ಯತ್ಯಾಸಗಳಿವೆ. ದೈಹಿಕ ಬಲದಲ್ಲಿ ದೊಡ್ಡದು, ದೈಹಿಕ ಆಕ್ರಮಣಶೀಲತೆಯಲ್ಲಿ ಸ್ವಲ್ಪ. ಬುದ್ಧಿ, ಗಣಿತ, ಮಾತು, ಆತ್ಮಗೌರವ ಮುಂತಾದ ಹೆಚ್ಚಿನ ವಿಷಯಗಳಲ್ಲಿ ವ್ಯತ್ಯಾಸ ಅತಿ ಕಡಿಮೆ ಎಂದು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ ತೋರಿಸಿದರು. ಇಬ್ಬರು ಹುಡುಗಿಯರ ನಡುವಿನ ಅಂತರ ಎಷ್ಟೋ ಸಲ ಹುಡುಗ-ಹುಡುಗಿಯ ನಡುವಿನ ಅಂತರಕ್ಕಿಂತ ದೊಡ್ಡದು.

ಹಾಗಾದರೆ ಹದಿನಾರರ ಹುಡುಗಿ ಮೆಲ್ಲಗೆ ಮಾತನಾಡುವುದು, ಹದಿನಾರರ ಹುಡುಗ ಎದೆಯುಬ್ಬಿಸಿ ನಡೆಯುವುದು ಎಲ್ಲಿಂದ ಬಂತು? ಜಾನ್ ಹಿಲ್ ಮತ್ತು ಮೇರಿ ಎಲೆನ್ ಲಿಂಚ್ ಎಂಬ ಸಂಶೋಧಕರು 1983ರಲ್ಲಿ ಒಂದು ವಿಚಾರ ಮುಂದಿಟ್ಟರು: ದೇಹ ಬದಲಾಗತೊಡಗಿದ ಕೂಡಲೇ ಸುತ್ತಲಿನವರು ಹೆಣ್ಣು ಹೆಣ್ಣಿನಂತೆ, ಗಂಡು ಗಂಡಿನಂತೆ ಇರಬೇಕೆಂದು ಒತ್ತಡ ಹೆಚ್ಚಿಸುತ್ತಾರೆ. ಮುಂದಿನ ಅಧ್ಯಯನಗಳಲ್ಲಿ ಇದಕ್ಕೆ ಎಲ್ಲ ಕಡೆಯೂ ಒಂದೇ ರೀತಿಯ ಬೆಂಬಲ ಸಿಕ್ಕಿಲ್ಲ. ನಮ್ಮ ಊರುಗಳಲ್ಲಿ ಮಾತ್ರ ಇದು ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಏಳನೇ ತರಗತಿಯವರೆಗೆ ಹುಡುಗರ ಜೊತೆ ಕೊಕ್ಕೋ ಆಡುತ್ತಿದ್ದವಳ ಸೈಕಲ್ಲು ಎಂಟನೇ ತರಗತಿಯಲ್ಲಿ ತಮ್ಮನಿಗೆ ಹೋಗುತ್ತದೆ. ಅದೇ ವರ್ಷ ಅಣ್ಣನಿಗೆ ರಾತ್ರಿ ಒಂಬತ್ತರವರೆಗೂ ಹೊರಗಿರುವ ಸ್ವಾತಂತ್ರ್ಯ ಸಿಗುತ್ತದೆ. ಒಬ್ಬಳ ಲೋಕ ಕಿರಿದಾಗುತ್ತದೆ, ಇನ್ನೊಬ್ಬನ ಲೋಕ ಹಿರಿದಾಗುತ್ತದೆ. ಇಷ್ಟೆಲ್ಲ ಆದ ಮೇಲೆ ‘ಅವಳ ಸ್ವಭಾವವೇ ಸಂಕೋಚದ್ದು’ ಎನ್ನುತ್ತೇವೆ.

ಮಗಳು ಮನೆಗೆಲಸ ಕಲಿಯಬಾರದೇ? ನಾಳೆ ಬೇರೆ ಮನೆ ಸೇರುವವಳು.

ಕಲಿಯಲಿ. ಮಗನೂ ಕಲಿಯಲಿ, ಅವನೂ ನಾಳೆ ಬೆಂಗಳೂರಿನ ಪಿ.ಜಿ. ಸೇರುವವನು.

ಒಂಬತ್ತನೇ ತರಗತಿಯ ಮಕ್ಕಳಿಗೆ ‘ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಶಾಲೆಗೆ ಬರುವವರೆಗೆ ಏನೇನು ಮಾಡಿದಿರಿ, ಬರೆಯಿರಿ’ ಎಂದು ಹೇಳಿದ್ದೆ. ಒಬ್ಬ ಹುಡುಗ ಬರೆದದ್ದು: ‘ಎದ್ದೆ. ಸ್ನಾನ ಮಾಡಿದೆ. ತಿಂಡಿ ತಿಂದೆ. ಬಂದೆ.’ ಅವನ ಪಕ್ಕದ ಸಾಲಿನ ಹುಡುಗಿಯ ಬರಹ ಪುಟದ ಕೆಳತುದಿ ಮುಟ್ಟಿತ್ತು: ‘ಅಂಗಳ ಗುಡಿಸಿ ನೀರು ಹಾಕಿ ರಂಗೋಲಿ ಬಿಟ್ಟೆ. ನಲ್ಲಿಯಲ್ಲಿ ನೀರು ಬಂದಿತ್ತು, ಆರು ಕೊಡ ಹಿಡಿದೆ. ರಾತ್ರಿಯ ಪಾತ್ರೆ ತೊಳೆದೆ. ಅಮ್ಮ ಚಪಾತಿ ಲಟ್ಟಿಸಿದರು, ನಾನು ಬೇಯಿಸಿದೆ. ತಮ್ಮನ ಬ್ಯಾಗು ಜೋಡಿಸಿದೆ. ಹೋಂವರ್ಕ್ ಬಸ್ಸಿನಲ್ಲಿ ಮಾಡಿದೆ.’ ಕೊನೆಯ ವಾಕ್ಯದ ಅಕ್ಷರ ಮಾತ್ರ ಸೊಟ್ಟಗಿತ್ತು, ಬರೆಯುವ ಸಮಯ ಮುಗಿಯುತ್ತಾ ಬಂದಿತ್ತು. ಇಷ್ಟಾದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹೆಣ್ಣುಮಕ್ಕಳೇ ವರ್ಷ ವರ್ಷವೂ ಮುಂದಿರುತ್ತಾರೆ.

ಈ ಲೆಕ್ಕ ಮುಂದೆಯೂ ಬದಲಾಗುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಅದೂ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಮದುವೆಯಾದ ಮೇಲೆ ಗಂಡ ಸುಧಾರಿಸುತ್ತಾನೆ ಎಂದು ಕಾಯುವುದಕ್ಕಿಂತ ಹತ್ತು ವರ್ಷದ ಮಗನ ಕೈಗೆ ಈಗಲೇ ಪೊರಕೆ ಕೊಡುವುದು ಸುಲಭ. ‘ಅಮ್ಮನಿಗೆ ಸಹಾಯ ಮಾಡು’ ಎಂದು ಮಾತ್ರ ಹೇಳಬೇಡಿ. ಸಹಾಯ ಎಂದ ಕೂಡಲೇ ಕೆಲಸ ಅಮ್ಮನದೇ ಎಂದು ಒಪ್ಪಿಕೊಂಡಂತೆ. ಈ ಪಾತ್ರೆ ನಿನ್ನದು, ಆ ಬಟ್ಟೆ ನಿನ್ನದು ಎಂದು ಹಂಚಿ.

ಪಿಯುಸಿ ಮುಗಿದ ಕೂಡಲೇ ಮಗಳ ಮದುವೆ ಮಾಡಿದರೆ ತಪ್ಪೇನು? ಒಳ್ಳೆಯ ಸಂಬಂಧ ಬಂದಿದೆ.

ಹದಿನೆಂಟು ತುಂಬಿರದಿದ್ದರೆ ಅದು ಅಪರಾಧ. ಕರ್ನಾಟಕದಲ್ಲಿ ಕಾನೂನು ದೇಶದ ಬೇರೆ ಹೆಚ್ಚಿನ ಕಡೆಗಿಂತ ಕಟ್ಟುನಿಟ್ಟು: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹಕ್ಕೆ ಅದು ನಡೆದ ಕ್ಷಣದಿಂದಲೇ ಮಾನ್ಯತೆಯಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ತಿದ್ದುಪಡಿಯನ್ನು ಮೆಚ್ಚಿತು. ಹೀಗಿದ್ದರೂ 2019-21ರ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು.

ಹದಿನೆಂಟು ತುಂಬಿದ್ದರೂ ನನ್ನ ಉತ್ತರ ‘ಬೇಡ’ ಎಂದೇ. ಮನೋವಿಜ್ಞಾನಿ ಜೇಮ್ಸ್ ಮಾರ್ಸಿಯಾ 1966ರಲ್ಲಿ ಹದಿಹರೆಯದವರು ತಾವು ಯಾರೆಂದು ಕಂಡುಕೊಳ್ಳುವ ನಾಲ್ಕು ಬಗೆಗಳನ್ನು ಗುರುತಿಸಿದರು. ಅದರಲ್ಲೊಂದು, ಏನನ್ನೂ ಹುಡುಕದೆ ಹಿರಿಯರು ಕೊಟ್ಟದ್ದನ್ನೇ ತನ್ನದೆಂದು ಒಪ್ಪಿಕೊಳ್ಳುವುದು. ಅಂಥವರು ಹೊರನೋಟಕ್ಕೆ ಶಾಂತವಾಗಿ, ವಿಧೇಯರಾಗಿ ಕಾಣುತ್ತಾರೆ. ‘ಎಷ್ಟು ಒಳ್ಳೆಯ ಹುಡುಗಿ, ಎದುರು ಮಾತೇ ಇಲ್ಲ’ ಎಂದು ನೆಂಟರು ಹೊಗಳುತ್ತಾರೆ. ಎದುರು ಮಾತಿಲ್ಲದ ಹದಿನೆಂಟರ ಮಗಳನ್ನು ಕಂಡರೆ ನನಗೆ ಚಿಂತೆಯಾಗುತ್ತದೆ.

ಡಿಗ್ರಿ ಮುಗಿಸಿ ಮೂರು ವರ್ಷವಾಯಿತು, ಇನ್ನೂ ನೆಲೆ ನಿಂತಿಲ್ಲ. ನನ್ನಲ್ಲೇ ಏನೋ ಕೊರತೆಯಿದೆಯೇ?

ಇಲ್ಲ. 18ರಿಂದ 25ರ ನಡುವಿನ ಕಾಲವನ್ನು ಬೆಳವಣಿಗೆಯ ಪ್ರತ್ಯೇಕ ಘಟ್ಟವೆಂದೇ ನೋಡಬೇಕು ಎಂದು ಮನೋವಿಜ್ಞಾನಿ ಜೆಫ್ರಿ ಆರ್ನೆಟ್ 2000ದಲ್ಲಿ ವಾದಿಸಿದರು: ಹುಡುಕಾಟ, ಅಸ್ಥಿರತೆ, ‘ದೊಡ್ಡವನೂ ಅಲ್ಲ, ಚಿಕ್ಕವನೂ ಅಲ್ಲ’ ಎಂಬ ಭಾವ. ಹುಡುಕಲು ಪುರುಸೊತ್ತು ಇರುವವರಿಗಷ್ಟೇ ಈ ಘಟ್ಟ ಎಂಬ ಟೀಕೆಯೂ ಇದೆ. ಗಾರ್ಮೆಂಟ್ಸ್ ಕಾರ್ಖಾನೆಗೆ ಹತ್ತೊಂಬತ್ತಕ್ಕೇ ಸೇರಿದ ಹುಡುಗಿಗೆ ಅದು ಸಿಗಲೇ ಇಲ್ಲ. ಆ ಟೀಕೆಯನ್ನು ನಾನು ಒಪ್ಪುತ್ತೇನೆ.

ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಣೆ ಹಿಡಿದು ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುತ್ತಿರುವ ಹುಡುಗರ ಕಷ್ಟ ಬೇರೆ ಬಗೆಯದು. ‘ಕೆಲಸ ಸಿಕ್ಕ ಮೇಲೆಯೇ ಗಂಡಸು’ ಎಂಬ ಅಳತೆಗೋಲಿನಲ್ಲಿ ತಮ್ಮನ್ನು ಅಳೆದುಕೊಂಡು ಹಬ್ಬಕ್ಕೂ ಊರಿಗೆ ಹೋಗದೆ ಕೂರುತ್ತಾರೆ. ಅದೇ ಲೈಬ್ರರಿಯ ಇನ್ನೊಂದು ಮೇಜಿನಲ್ಲಿರುವ ಹುಡುಗಿಗೆ ಎರಡನೇ ಪ್ರಯತ್ನಕ್ಕೆ ಮನೆಯವರು ಅವಕಾಶವನ್ನೇ ಕೊಡುವುದಿಲ್ಲ, ಗಂಡು ನೋಡತೊಡಗುತ್ತಾರೆ.

ಜಮೀನಿದೆ, ಮನೆಯಿದೆ, ದುಶ್ಚಟವಿಲ್ಲ. ಮೂವತ್ತನಾಲ್ಕಾದರೂ ರೈತನಾದ ನನಗೆ ಹೆಣ್ಣು ಸಿಗುತ್ತಿಲ್ಲ. ಯಾಕೆ?

ನಿಮ್ಮ ನೋವು ನಿಜ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರು ಮದುವೆಯ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಮಾಡಿದಾಗ ಹಲವರು ನಕ್ಕರು. ನಗುವ ವಿಷಯ ಅದಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಹುಟ್ಟುವ ಮೊದಲೇ ಹೆಣ್ಣುಮಕ್ಕಳನ್ನು ಕಳೆದುಕೊಂಡರೆ ಅದರ ಬೆಲೆ ತೆರುವವರಲ್ಲಿ ಆ ಊರಿನ ಗಂಡುಮಕ್ಕಳೂ ಸೇರುತ್ತಾರೆ.

ಇನ್ನೊಂದು ಕಾರಣ ನಿಮ್ಮ ಕೈಯಲ್ಲಿದೆ. ಓದಿದ ಹುಡುಗಿ ಮಣ್ಣಿಗೆ ಹೆದರುವುದಿಲ್ಲ. ಕೊಟ್ಟಿಗೆ ಬಾಚಿ, ಹಾಲು ಕರೆದು, ಕಳೆ ಕಿತ್ತು, ಮೂರು ಹೊತ್ತು ಅಡುಗೆ ಮಾಡಿಯೂ ಪಹಣಿಯಲ್ಲಿ ಹೆಸರಿಲ್ಲದ, ಕೈಯಲ್ಲಿ ಕಾಸಿಲ್ಲದ ತನ್ನ ಅಮ್ಮನ ಬದುಕಿಗೆ ಹೆದರುತ್ತಾಳೆ. ನಿಮ್ಮ ಮನೆಯಲ್ಲಿ ಅದು ಬೇರೆಯಾಗಿರುತ್ತದೆ ಎಂದು ತೋರಿಸಬಲ್ಲಿರಾದರೆ, ಹೆಣ್ಣು ನೋಡಲು ಹೋದಾಗ ಎಕರೆಯ ಲೆಕ್ಕಕ್ಕಿಂತ ಮೊದಲು ಅದನ್ನು ಹೇಳಿ.

ಮಗನ ನಡೆ-ನುಡಿ ಹುಡುಗಿಯ ಹಾಗಿದೆ. ಡಾಕ್ಟರಿಗೆ ತೋರಿಸಿದರೆ ಸರಿಹೋಗುತ್ತದೆಯೇ?

ಸರಿಮಾಡುವಂಥದ್ದು ಅಲ್ಲಿ ಏನೂ ಇಲ್ಲ. ಕೆಲವು ಹುಡುಗರ ನಡೆ ಮೃದು, ಅಷ್ಟೇ. ಕೆಲವರು ಗಂಡಸರನ್ನೇ ಪ್ರೀತಿಸುತ್ತಾರೆ. ಇನ್ನು ಕೆಲವರಿಗೆ ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಎಂದು ಒಳಗಿನಿಂದಲೇ ತಿಳಿದಿರುತ್ತದೆ. ಇವು ಮೂರೂ ಬೇರೆ ಬೇರೆ, ಯಾವುದೂ ಕಾಯಿಲೆಯಲ್ಲ. ‘ಬದಲಾಯಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿದುರ್ನಡತೆ ಎಂದು ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರು (ಟ್ರಾನ್ಸ್‌ಜೆಂಡರ್) ತಮ್ಮ ಲಿಂಗ ಗುರುತನ್ನು ತಾವೇ ನಿರ್ಧರಿಸುವ ಹಕ್ಕನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ತಂದಿತು. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಒಬ್ಬರಾದ, ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಎಳೆಯ ವಯಸ್ಸಿನಲ್ಲೇ ಮನೆಯಿಂದ ಹೊರಬಿದ್ದು, ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದರು. ಅವರ ಸಾಧನೆ ದೊಡ್ಡದು. ನಿಮ್ಮ ಮಗುವಿಗೆ ಮನೆಯಲ್ಲೇ ಇದ್ದು ಅಂಥ ಸಾಧನೆ ಮಾಡುವ ಅವಕಾಶ ಕೊಡಿ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗುವಿನ ಆರೈಕೆ ತಾಯಿಗೆ ಮಾತ್ರ ಸಹಜವಾಗಿ ಬರುವುದೇ?

ಹೆರುವುದು, ಹಾಲೂಡಿಸುವುದು ತಾಯಿಗೆ. ಉಳಿದದ್ದೆಲ್ಲ ಮಾಡಿ ಮಾಡಿ ಬರುವಂಥದ್ದು. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂದೆಯಾದವರಲ್ಲಿ ಗಂಡಸರ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮಟ್ಟ ಇಳಿದಿತ್ತು. ದಿನವೂ ಮಗುವಿನ ಆರೈಕೆಗೆ ಹೆಚ್ಚು ಹೊತ್ತು ಕೊಡುವವರಲ್ಲಿ ಅದು ಇನ್ನೂ ಕಡಿಮೆಯಿತ್ತು. ಅಂದರೆ ಗಂಡಸಿನ ದೇಹವೂ ಆರೈಕೆಗೆ ಹೊಂದಿಕೊಳ್ಳುತ್ತದೆ. ಕಾನೂನು ಇನ್ನೂ ಅಲ್ಲಿಗೆ ಬಂದಿಲ್ಲ: ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ತಾಯಿಗೆ 26 ವಾರಗಳ ಸಂಬಳಸಹಿತ ರಜೆ ಸಿಕ್ಕಿತು; ತಂದೆಯ ವಿಷಯದಲ್ಲಿ, ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ, ಖಾಸಗಿ ಕಂಪನಿಯ ತಂದೆಗೆ ಕಂಪನಿ ಕೊಟ್ಟಷ್ಟು.

ನಲವತ್ತಾರಕ್ಕೆ ಅಮ್ಮನಿಗೆ ಏಕಾಏಕಿ ಸಿಟ್ಟು, ಬೆವರು, ನಿದ್ದೆಗೇಡು. ಏನಾಗಿದೆ?

ಮುಟ್ಟು ನಿಲ್ಲುವ ಹಂತವಿರಬಹುದು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ. ಅದಕ್ಕೆ ಕೆಲವು ವರ್ಷ ಮುಂಚಿನಿಂದ ಏರುಪೇರು ಇರುತ್ತದೆ. ಮೂಳೆ ಸವೆಯುವ, ಹೃದಯದ ತೊಂದರೆ ಹೆಚ್ಚುವ ಕಾಲವೂ ಇದೇ. ಒಂದು ವರ್ಷ ಪೂರ್ತಿ ಮುಟ್ಟಾಗದೆ ಆಮೇಲೆ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಅನೇಕ ಮನೆಗಳಲ್ಲಿ ಅಮ್ಮನ ಈ ಹಂತವೂ ಮಗಳ ಹದಿಹರೆಯವೂ ಒಟ್ಟಿಗೇ ಬರುತ್ತವೆ. ಮಗಳ ಸಿಡುಕಿಗೆ ಮನೆಯವರೆಲ್ಲ ಹೊಂದಿಕೊಳ್ಳುತ್ತಾರೆ, ಅಮ್ಮನ ಸಿಡುಕಿಗೆ ಯಾರೂ ಹೊಂದಿಕೊಳ್ಳುವುದಿಲ್ಲ. ಇದೇ ವಯಸ್ಸಿನಲ್ಲಿ ಎಷ್ಟೋ ಹೆಂಗಸರು ಮೊದಲ ಬಾರಿಗೆ ಸ್ಕೂಟರ್ ಕಲಿಯುತ್ತಾರೆ, ಸಂಘದ ಲೆಕ್ಕ ಬರೆಯುತ್ತಾರೆ, ಸಭೆಯಲ್ಲಿ ಎದ್ದು ಮಾತನಾಡುತ್ತಾರೆ. ಬುದ್ಧಿಯ ಬೆಳವಣಿಗೆಯೂ ನಿಂತಿರುವುದಿಲ್ಲ: 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನವೊಂದರ ಪ್ರಕಾರ, ವೇಗ ತಗ್ಗಿದರೂ ಪದಸಂಪತ್ತು, ತರ್ಕ ಮುಂತಾದ ಹಲವು ಸಾಮರ್ಥ್ಯಗಳು ನಡುವಯಸ್ಸಿನಲ್ಲೇ ಗರಿಷ್ಠ ಮಟ್ಟ ಮುಟ್ಟುತ್ತವೆ.

ಅಪ್ಪ ಅರವತ್ತಕ್ಕೆ ನಿವೃತ್ತರಾದರು. ದಿನವಿಡೀ ಅಮ್ಮನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ.

ಅವರ ಪಾತ್ರ ಮುಗಿದಿದೆ, ಹೊಸದನ್ನು ಯಾರೂ ಕೊಟ್ಟಿಲ್ಲ. ಅಮ್ಮನಿಗೆ ನಿವೃತ್ತಿಯೇ ಇಲ್ಲ. ನಡುವಯಸ್ಸಿನ ಮುಖ್ಯ ಅಗತ್ಯ ಮುಂದಿನ ಪೀಳಿಗೆಗೆ ಏನನ್ನಾದರೂ ಕೊಡುವುದು ಎಂದು ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಹೇಳಿದ್ದರು; ಅರವತ್ತರ ನಂತರವೂ ಆ ಹಂಬಲ ಇಂಗುವುದಿಲ್ಲ. ಸ್ವಂತ ಮಕ್ಕಳನ್ನು ಎತ್ತಿಕೊಳ್ಳಲು ನಾಚಿದ ಗಂಡಸರು ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತುವುದನ್ನು ನೋಡಿಲ್ಲವೇ? ಅಪ್ಪನಿಗೆ ಒಂದು ಹೊತ್ತಿನ ಅಡುಗೆ, ಸಂತೆಯ ತರಕಾರಿ, ಮೊಮ್ಮಗಳ ಶಾಲೆಯ ದಾರಿ ಪೂರ್ತಿಯಾಗಿ ವಹಿಸಿಕೊಡಿ. ಮೊದಲ ವಾರ ಸಾರಿಗೆ ಉಪ್ಪು ಹೆಚ್ಚಾಗಬಹುದು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ತಿದ್ದದೇ ಇದ್ದರೆ ಬೇಗ ಕಲಿಯುತ್ತಾರೆ.

ತವರಿನ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಅಣ್ಣ ಸಹಿ ಕೇಳುತ್ತಿದ್ದಾನೆ. ತವರು ಕಳೆದುಕೊಳ್ಳುವ ಭಯ.

ಈ ಪ್ರಶ್ನೆಯನ್ನು ಯಾರೂ ಬೆಳವಣಿಗೆಯ ಪ್ರಶ್ನೆ ಎಂದು ನೋಡುವುದಿಲ್ಲ. ನನಗೆ ಇದು ಅದೇ. ನಲವತ್ತೈದರ ಹೆಂಗಸು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪೆನ್ನು ಹಿಡಿದು ‘ಸಹಿ ಮಾಡದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲವೇನೋ’ ಎಂದು ಯೋಚಿಸುವಾಗ, ಎಂಟನೇ ತರಗತಿಯಲ್ಲಿ ಸೈಕಲ್ಲು ಬಿಟ್ಟುಕೊಟ್ಟ ಹುಡುಗಿಯೇ ಅವಳೊಳಗೆ ಯೋಚಿಸುತ್ತಿರುತ್ತಾಳೆ.

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ವಿಭಾಗವಾಗಿದ್ದರೆ ಮಾತ್ರ ಬೇರೆ ಮಾತು. ತಂದೆಯ ಸ್ವಯಾರ್ಜಿತ ಆಸ್ತಿಯನ್ನು ಅವರು ಬೇಕಾದವರಿಗೆ ಉಯಿಲು ಬರೆಯಬಹುದು. ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಪತ್ರವನ್ನು ಮನೆಗೆ ತಂದು, ಓದಿಸಿ, ವಕೀಲರನ್ನು ಕೇಳಿ, ಆಮೇಲೆ ನಿರ್ಧರಿಸಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತ ನೆರವು ಸಿಗುತ್ತದೆ, ಆದಾಯದ ಮಿತಿಯಿಲ್ಲದೆ.

ತುರ್ತಾಗಿ ಯಾರನ್ನು ಕೇಳಬೇಕು?

ಮಕ್ಕಳಿಗೆ, ಬಾಲ್ಯವಿವಾಹ ತಡೆಯಲು 1098. ಮನಸ್ಸು ಕುಸಿದಾಗ, ಸಾಯುವ ಯೋಚನೆ ಬಂದಾಗ ಟೆಲಿ ಮಾನಸ್ 14416. ಕನ್ನಡದಲ್ಲೇ, ಹಗಲು-ರಾತ್ರಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಮನೆಯೊಳಗಿನ ಹಿಂಸೆಗೆ ಮಹಿಳಾ ಸಹಾಯವಾಣಿ 181, ಜೀವಕ್ಕೆ ಅಪಾಯವಿದ್ದರೆ 112. ಹದಿಹರೆಯದವರ ಆರೋಗ್ಯದ ಪ್ರಶ್ನೆಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮಕ್ಕಳು ಒಬ್ಬರೇ ಹೋಗಲು ಹಿಂಜರಿದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಲಿ.